ಬಳಕೆದಾರ ಅನುಭವ ಪರೀಕ್ಷಾ ಕಾರ್ಯಾಗಾರ

ಬಳಕೆದಾರ ಅನುಭವ ಪರೀಕ್ಷಾ ಕಾರ್ಯಾಗಾರ ಎಂದರೆ ಜಾಲತಾಣ, ಮೊಬೈಲ್ ಆ್ಯಪ್, ಅರ್ಜಿ ನಮೂನೆ, ಟಿಕೆಟ್ ಯಂತ್ರ ಮುಂತಾದವುಗಳನ್ನು ನಿಜವಾದ ಬಳಕೆದಾರರ ಕೈಗೆ ಕೊಟ್ಟು ಪರೀಕ್ಷಿಸುವ ತಂತ್ರಗಳನ್ನು ಒಂದು ಗುಂಪಿಗೆ ಅಭ್ಯಾಸದ ಮೂಲಕ ಕಲಿಸುವ ತರಬೇತಿ. ಇದು ಸಾಮಾನ್ಯವಾಗಿ ಒಂದು ಅಥವಾ ಎರಡು ದಿನ ನಡೆಯುತ್ತದೆ. ಪರೀಕ್ಷೆಗೆ ಒಳಗಾಗುವುದು ವಸ್ತುವೇ ಹೊರತು ಅದನ್ನು ಬಳಸುವ ವ್ಯಕ್ತಿಯಲ್ಲ ಎಂಬುದು ಇದರ ಮೂಲ ತತ್ತ್ವ. ಬಳಕೆದಾರರ ಅಭಿಪ್ರಾಯ ಕೇಳುವುದಕ್ಕಿಂತ ಅವರು ಕೆಲಸ ಮಾಡುವುದನ್ನು ಗಮನಿಸುವುದಕ್ಕೆ ಇಲ್ಲಿ ಹೆಚ್ಚಿನ ಮಹತ್ವವಿದೆ.

ಈ ಲೇಖನವು ಇಂತಹ ಕಾರ್ಯಾಗಾರದ ಯೋಜನೆ ಮತ್ತು ನಿರ್ವಹಣೆಯನ್ನು ಶಿವಮೊಗ್ಗ ನಗರ ಹಾಗೂ ಭದ್ರಾವತಿಯ ಸನ್ನಿವೇಶವನ್ನು ಉದಾಹರಣೆಯಾಗಿಟ್ಟುಕೊಂಡು ವಿವರಿಸುತ್ತದೆ. ಪಹಣಿ, ಪಿಂಚಣಿ, ವಿದ್ಯಾರ್ಥಿವೇತನ, ಮಾರುಕಟ್ಟೆ ದರ ಮೊದಲಾದ ಸೇವೆಗಳು ಪರದೆಯ ಮೇಲೆ ದೊರೆಯುವ ಕಾಲದಲ್ಲಿ, ಅರ್ಥವಾಗದ ಒಂದು ಪದ ಅಥವಾ ಕಣ್ಣಿಗೆ ಬೀಳದ ಒಂದು ಗುಂಡಿಯು ಅರ್ಹ ವ್ಯಕ್ತಿಯನ್ನು ಸೌಲಭ್ಯದಿಂದ ದೂರವಿಡಬಲ್ಲದು. ಆದಕಾರಣ ಮಹಾನಗರಗಳ ಹೊರಗೆ ನಡೆಯುವ ಪರೀಕ್ಷೆಗೆ ಪ್ರತ್ಯೇಕ ಮಹತ್ವವಿದೆ.

## ಪರಿಭಾಷೆ

‘ಬಳಕೆಯೋಗ್ಯತೆ’ ಮತ್ತು ‘ಬಳಕೆದಾರ ಅನುಭವ’ ಒಂದೇ ಅಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು 1998ರಲ್ಲಿ ಪ್ರಕಟಿಸಿ 2018ರಲ್ಲಿ ಪರಿಷ್ಕರಿಸಿದ ಐಎಸ್‌ಒ 9241-11 ಮಾನಕವು ಬಳಕೆಯೋಗ್ಯತೆಯನ್ನು ಮೂರು ಅಂಶಗಳಿಂದ ಗುರುತಿಸುತ್ತದೆ: ಉದ್ದೇಶಿತ ಕೆಲಸ ಸರಿಯಾಗಿ ಮುಗಿಯಿತೇ, ಅದಕ್ಕೆ ಎಷ್ಟು ಸಮಯ ಮತ್ತು ಶ್ರಮ ತಗುಲಿತು, ಬಳಸಿದವರಿಗೆ ತೃಪ್ತಿಯಾಯಿತೇ. ನಿರ್ದಿಷ್ಟ ಬಳಕೆದಾರರು, ನಿರ್ದಿಷ್ಟ ಗುರಿ ಮತ್ತು ನಿರ್ದಿಷ್ಟ ಸನ್ನಿವೇಶವನ್ನು ಹೇಳದೆ ಇವುಗಳನ್ನು ಅಳೆಯಲಾಗದು. ಒಂದೇ ಆ್ಯಪ್ ಬೆಂಗಳೂರಿನ ಕಚೇರಿಯಲ್ಲಿ ಸುಲಭವಾಗಿದ್ದು ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಕಷ್ಟವಾಗುವುದು ಈ ವ್ಯಾಖ್ಯೆಗೆ ವಿರುದ್ಧವಲ್ಲ. ಅದು ಈ ವ್ಯಾಖ್ಯೆಯ ಪರಿಣಾಮವೇ ಆಗಿದೆ.

‘ಬಳಕೆದಾರ ಅನುಭವ’ ಎಂಬುದು ಇನ್ನೂ ವಿಶಾಲವಾದ ಪದ. ಬಳಕೆಗೆ ಮೊದಲಿನ ನಿರೀಕ್ಷೆ, ಬಳಸುವಾಗಿನ ಭಾವನೆ, ಬಳಸಿದ ಮೇಲಿನ ನೆನಪು ಎಲ್ಲವೂ ಇದರಲ್ಲಿ ಸೇರುತ್ತವೆ. 1993ರಲ್ಲಿ ಆಪಲ್ ಸಂಸ್ಥೆ ಸೇರಿದ ಡಾನ್ ನಾರ್ಮನ್ ಅವರಿಂದ ಈ ಪದ ಪ್ರಚಾರಕ್ಕೆ ಬಂದಿತು.

ಈ ಲೇಖನದಲ್ಲಿ ಕಲಿಯಲು ಬಂದವರನ್ನು ‘ಶಿಬಿರಾರ್ಥಿ’ ಎಂದೂ, ಪರೀಕ್ಷೆಗಾಗಿ ಕರೆಸಿಕೊಂಡವರನ್ನು ‘ಆಹ್ವಾನಿತ ಬಳಕೆದಾರ’ ಎಂದೂ, ಪರೀಕ್ಷೆಯ ವೇಳೆ ಅವರೊಂದಿಗೆ ಮಾತನಾಡುವವರನ್ನು ‘ನಿರ್ವಾಹಕ’ ಎಂದೂ ಕರೆಯಲಾಗಿದೆ.

## ಹಿನ್ನೆಲೆ

ಕೆಲಸ ಮಾಡುತ್ತಿರುವಾಗ ಮನಸ್ಸಿಗೆ ಬಂದುದನ್ನು ಬಾಯಿಬಿಟ್ಟು ಹೇಳುವಂತೆ ಕೋರುವ ವಿಧಾನಕ್ಕೆ ಮನಶ್ಶಾಸ್ತ್ರದ ತಳಹದಿ ಹಾಕಿದವರು ಆ್ಯಂಡರ್ಸ್ ಎರಿಕ್ಸನ್ ಮತ್ತು ಹರ್ಬರ್ಟ್ ಸೈಮನ್. ಐಬಿಎಂ ಸಂಸ್ಥೆಯ ಕ್ಲೇಟನ್ ಲೂಯಿಸ್ 1982ರಲ್ಲಿ ಇದನ್ನು ಕಂಪ್ಯೂಟರ್ ವಿನ್ಯಾಸದ ಪರೀಕ್ಷೆಗೆ ಅಳವಡಿಸಿದರು. 1990ರಲ್ಲಿ ಯಾಕೊಬ್ ನೀಲ್ಸನ್ ಮತ್ತು ರೋಲ್ಫ್ ಮೋಲಿಕ್ ಅವರು ಬಳಕೆದಾರರಿಲ್ಲದೆಯೇ ಕೆಲವು ಸೂತ್ರಗಳ ಆಧಾರದಿಂದ ವಿನ್ಯಾಸವನ್ನು ಪರಿಶೀಲಿಸುವ ವಿಧಾನವನ್ನು ಮಂಡಿಸಿದರು. 1994ರಲ್ಲಿ ನೀಲ್ಸನ್ ಈ ಸೂತ್ರಗಳನ್ನು ಪರಿಷ್ಕರಿಸಿ ಹತ್ತಕ್ಕೆ ಹೊಂದಿಸಿದರು.

ದುಬಾರಿ ಪ್ರಯೋಗಾಲಯವಿಲ್ಲದೆ ಕಡಿಮೆ ಜನರೊಂದಿಗೆ ಆಗಾಗ್ಗೆ ಪರೀಕ್ಷಿಸಬಹುದೆಂಬ ವಿಚಾರವೂ ಇದೇ ಕಾಲದಲ್ಲಿ ಬೆಳೆಯಿತು. ಕಾರ್ಯಾಗಾರವೆಂಬ ರೂಪಕ್ಕೆ ಆಧಾರವಾದುದು ಈ ವಿಚಾರವೇ. 2005ರಲ್ಲಿ ಆರಂಭವಾದ ವಿಶ್ವ ಬಳಕೆಯೋಗ್ಯತಾ ದಿನವನ್ನು ಈಗ ನವೆಂಬರ್ ತಿಂಗಳ ಎರಡನೆಯ ಗುರುವಾರ ಆಚರಿಸಲಾಗುತ್ತಿದ್ದು, ಆ ಸಂದರ್ಭದಲ್ಲಿ ಹಲವು ದೇಶಗಳಲ್ಲಿ ಉಪನ್ಯಾಸ ಮತ್ತು ಕಾರ್ಯಾಗಾರಗಳು ನಡೆಯುತ್ತವೆ.

### ಭಾರತ ಮತ್ತು ಕರ್ನಾಟಕದ ಅನುಭವ

ಕರ್ನಾಟಕದಲ್ಲಿ ಸಾಮಾನ್ಯ ಜನರು ಗಣಕೀಕೃತ ಸೇವೆಯನ್ನು ವ್ಯಾಪಕವಾಗಿ ಎದುರುಗೊಂಡುದು 2001ರಲ್ಲಿ ಆರಂಭವಾದ ‘ಭೂಮಿ’ ಯೋಜನೆಯಿಂದ. ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಭೂದಾಖಲೆಗಳು ಇದರಿಂದ ಗಣಕಕ್ಕೆ ಸೇರಿದವು. ಆರಂಭದಲ್ಲಿ ರೈತರು ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆಯುತ್ತಿದ್ದರು. ಯಂತ್ರವನ್ನು ಬಳಸುತ್ತಿದ್ದವರು ಸಿಬ್ಬಂದಿ. ಅದೇ ದಾಖಲೆ ಜಾಲತಾಣದಲ್ಲಿ ದೊರೆಯತೊಡಗಿದ ಮೇಲೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ಸಂಖ್ಯೆ, ಸರ್ನಾಕ್, ಹಿಸ್ಸಾ ಎಂದು ಒಂದೊಂದಾಗಿ ಆರಿಸುವ ಕೆಲಸ ಬಳಕೆದಾರರ ಪಾಲಿಗೆ ಬಂದಿತು. ಸಿಬ್ಬಂದಿಗೆ ನಿತ್ಯಪರಿಚಿತವಾದ ಪದಗಳು ಹೊರಗಿನವರಿಗೆ ಎಷ್ಟು ಪರಿಚಿತ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಹುಟ್ಟುತ್ತದೆ.

ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಸಂಸ್ಥೆಯ ಇಂದ್ರಾಣಿ ಮೇಧಿ, ಅಮನ್ ಸಾಗರ್ ಮತ್ತು ಕೆಂಟಾರೊ ಟೊಯಾಮ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನವು ಓದುಬರಹ ತಿಳಿಯದವರಿಗಾಗಿ ಅಕ್ಷರಗಳಿಲ್ಲದ ಪರದೆಯನ್ನು ರೂಪಿಸುವುದಕ್ಕೆ ಸಂಬಂಧಿಸಿದ್ದು. ನಗರದ ಕೊಳೆಗೇರಿಗಳ ನಿವಾಸಿಗಳೊಂದಿಗೆ ಕೆಲಸ ಮಾಡಿ, ಮನೆಗೆಲಸ ಹುಡುಕುವ ವ್ಯವಸ್ಥೆ ಮತ್ತು ನಕ್ಷೆಯೊಂದನ್ನು ಚಿತ್ರ ಹಾಗೂ ಧ್ವನಿಯ ಸಹಾಯದಿಂದ ಅವರು ರೂಪಿಸಿದರು. ಬಳಕೆದಾರರನ್ನು ವಿನ್ಯಾಸದ ಆರಂಭದಿಂದಲೇ ಜೊತೆಗಿಟ್ಟುಕೊಂಡ ಕರ್ನಾಟಕದ ಉದಾಹರಣೆಗಳಲ್ಲಿ ಇದು ಪ್ರಮುಖವಾದುದು.

ಭಾರತೀಯ ಬಳಕೆದಾರರು ಮುಖದೆದುರು ದೋಷ ಹೇಳಲು ಹಿಂಜರಿಯುವುದನ್ನು ಗಮನಿಸಿದ ಅಪಲಾ ಲಾಹಿರಿ ಚವಾಣ್ ಅವರು ‘ಬಾಲಿವುಡ್ ವಿಧಾನ’ವನ್ನು ರೂಪಿಸಿದರು. ಇದರಲ್ಲಿ ಬಳಕೆದಾರರಿಗೆ ಒಣ ಸೂಚನೆಯ ಬದಲು ಚಲನಚಿತ್ರದಂತಹ ರೋಚಕ ಕಥೆಯನ್ನು ಕೊಡಲಾಗುತ್ತದೆ. ಉದಾಹರಣೆಗೆ, ಸೋದರ ಸಂಬಂಧಿಯ ಮಗಳ ಮದುವೆ ನಾಳೆಯೇ ಇದೆ. ವರನಿಗೆ ಈಗಾಗಲೇ ಮದುವೆಯಾಗಿರುವುದು ತಿಳಿದುಬಂದಿದೆ. ಕೂಡಲೇ ಪ್ರಯಾಣದ ಟಿಕೆಟ್ ಕಾಯ್ದಿರಿಸಬೇಕು. ಪಾತ್ರದ ತುರ್ತಿನಲ್ಲಿ ಸಿಲುಕಿದ ಬಳಕೆದಾರರು ಸಂಕೋಚ ಮರೆತು, ಅಡ್ಡಿಯಾದುದನ್ನು ಬಯ್ಯಲು ಹಿಂದೆಗೆಯುವುದಿಲ್ಲ ಎಂಬುದು ಈ ವಿಧಾನದ ಆಧಾರ.

## ಶಿವಮೊಗ್ಗ–ಭದ್ರಾವತಿಯ ಸನ್ನಿವೇಶ

ತುಂಗಾ ತೀರದ ಶಿವಮೊಗ್ಗ ಮತ್ತು ಭದ್ರಾ ತೀರದ ಭದ್ರಾವತಿಯ ನಡುವಿನ ಅಂತರ ಸುಮಾರು 20 ಕಿ.ಮೀ. ಬೀರೂರು–ಶಿವಮೊಗ್ಗ ರೈಲುಮಾರ್ಗ ಮತ್ತು ಹೆದ್ದಾರಿ ಎರಡೂ ಊರುಗಳನ್ನು ಕೂಡಿಸುತ್ತವೆ. 2011ರ ಜನಗಣತಿಯಂತೆ ಶಿವಮೊಗ್ಗ ನಗರದ ಜನಸಂಖ್ಯೆ 3.22 ಲಕ್ಷ, ಭದ್ರಾವತಿಯದು 1.51 ಲಕ್ಷ. ಹತ್ತಿರದ ಊರುಗಳಾದರೂ ಇವುಗಳ ಸ್ವರೂಪ ಭಿನ್ನವಾಗಿದೆ.

ಶಿವಮೊಗ್ಗವು ಜಿಲ್ಲಾ ಕೇಂದ್ರ, ಅಡಿಕೆ ವ್ಯಾಪಾರದ ಕೇಂದ್ರ ಮತ್ತು ಶಿಕ್ಷಣ ಕೇಂದ್ರ. ಸಹ್ಯಾದ್ರಿ ಕಾಲೇಜು, 1980ರಲ್ಲಿ ಸ್ಥಾಪನೆಯಾದ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು ಮೊದಲಾದ ಸಂಸ್ಥೆಗಳು ಇಲ್ಲಿವೆ. 2016ರಲ್ಲಿ ನಗರವು ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಭದ್ರಾವತಿಯು ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ ಹಾಗೂ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಕಾರ್ಖಾನೆಗಳಿಗೆ ಬಂದು ನೆಲೆಸಿದ ಕುಟುಂಬಗಳಿಂದಾಗಿ ಕನ್ನಡದೊಂದಿಗೆ ತಮಿಳು, ತೆಲುಗು, ಉರ್ದು ಮನೆಮಾತಿನವರೂ ಇಲ್ಲಿದ್ದಾರೆ. 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾಲಯದ ಆವರಣ ‘ಜ್ಞಾನ ಸಹ್ಯಾದ್ರಿ’ ಇರುವ ಶಂಕರಘಟ್ಟವು ಭದ್ರಾವತಿ ತಾಲ್ಲೂಕಿನಲ್ಲಿದೆ.

ಪರೀಕ್ಷೆಯ ದೃಷ್ಟಿಯಿಂದ ಈ ಪ್ರದೇಶದಲ್ಲಿ ಮುಖ್ಯವಾದ ಬಳಕೆದಾರ ವರ್ಗಗಳು ಇವು:

- ಅಡಿಕೆ ಮತ್ತು ಭತ್ತ ಬೆಳೆಯುವ ರೈತರು
- ನಿವೃತ್ತ ಕಾರ್ಖಾನೆ ನೌಕರರು ಮತ್ತು ಪಿಂಚಣಿದಾರರು
- ಸ್ವಸಹಾಯ ಸಂಘಗಳ ಸದಸ್ಯೆಯರು ಹಾಗೂ ಗೃಹಿಣಿಯರು
- ಸುತ್ತಲಿನ ತಾಲ್ಲೂಕುಗಳಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳು
- ಇತರರ ಪರವಾಗಿ ಅರ್ಜಿ ತುಂಬುವ ಗ್ರಾಮ ಒನ್ ಕೇಂದ್ರ ಹಾಗೂ ಸೈಬರ್ ಅಂಗಡಿಗಳ ನಿರ್ವಾಹಕರು

ಕೊನೆಯ ವರ್ಗವನ್ನು ಕಾರ್ಯಾಗಾರಗಳು ಮರೆಯುವ ಸಾಧ್ಯತೆ ಹೆಚ್ಚು. ಅನೇಕ ಅರ್ಜಿಗಳಲ್ಲಿ ಪರದೆಯ ಮುಂದೆ ಕುಳಿತವರು ಒಬ್ಬರು, ಅರ್ಜಿದಾರರು ಇನ್ನೊಬ್ಬರು. ಒಬ್ಬರಿಗೆ ಪರದೆಯ ಪರಿಚಯವಿದೆ. ಇನ್ನೊಬ್ಬರಿಗೆ ತಮ್ಮ ಕುಟುಂಬ ಮತ್ತು ಜಮೀನಿನ ವಿವರ ಗೊತ್ತಿದೆ. ಇಂತಹ ಸೇವೆಯನ್ನು ಪರೀಕ್ಷಿಸುವಾಗ ಇಬ್ಬರನ್ನೂ ಜೊತೆಯಾಗಿ ಕೂರಿಸುವುದು ಸೂಕ್ತ.

## ಯೋಜನೆ

### ಪರೀಕ್ಷಾ ವಸ್ತುವಿನ ಆಯ್ಕೆ

ಕಾರ್ಯಾಗಾರಕ್ಕೆ ಒಂದೇ ಒಂದು ನಿಜವಾದ ವಸ್ತುವನ್ನು ಆರಿಸಿಕೊಳ್ಳುವುದು ವಾಡಿಕೆ. ಅದನ್ನು ಬದಲಿಸುವ ಅಧಿಕಾರವುಳ್ಳವರು ಸಮಾರೋಪಕ್ಕೆ ಬರಲು ಒಪ್ಪಿದ್ದರೆ ಕಲಿಕೆಗೆ ಬೆಲೆ ಬರುತ್ತದೆ. ಕಾಲೇಜಿನ ಪ್ರವೇಶ ನಮೂನೆ, ಸಹಕಾರ ಸಂಘದ ಆ್ಯಪ್, ಗ್ರಂಥಾಲಯದ ಹುಡುಕು ಪುಟ ಮುಂತಾದ ಸ್ಥಳೀಯ ವಸ್ತುಗಳು ಅನುಕೂಲಕರ. ಇನ್ನೂ ತಯಾರಾಗದ ಸೇವೆಯಾದರೆ ಪ್ರತಿಯೊಂದು ಪರದೆಯನ್ನೂ ಕಾಗದದ ಮೇಲೆ ಬರೆದು ಪರೀಕ್ಷಿಸಬಹುದು. ಕಾಗದದ ಮಾದರಿಗೆ ವಿದ್ಯುತ್ತಾಗಲಿ ಜಾಲ ಸಂಪರ್ಕವಾಗಲಿ ಬೇಕಿಲ್ಲ; ಪೂರ್ಣಗೊಂಡ ವಸ್ತುವಿಗಿಂತ ಅರೆಬರೆ ಚಿತ್ರವನ್ನು ಟೀಕಿಸುವುದು ಬಳಕೆದಾರರಿಗೂ ಸುಲಭ.

### ಸಂಖ್ಯೆ ಮತ್ತು ಗುಂಪುಗಳು

20 ಶಿಬಿರಾರ್ಥಿಗಳನ್ನು ತಲಾ ನಾಲ್ವರ ಐದು ಗುಂಪುಗಳಾಗಿ ವಿಂಗಡಿಸುವುದು ನಿರ್ವಹಣೆಗೆ ಹಿತವಾದ ಪ್ರಮಾಣ. ಪ್ರತಿ ಗುಂಪಿನಲ್ಲಿ ಒಬ್ಬರು ನಿರ್ವಾಹಕ, ಇಬ್ಬರು ಟಿಪ್ಪಣಿಕಾರರು, ಒಬ್ಬರು ಸಮಯ ಮತ್ತು ಸಾಧನಗಳನ್ನು ನೋಡಿಕೊಳ್ಳುವವರು. ಈ ಪಾತ್ರಗಳು ಸರದಿಯಂತೆ ಬದಲಾಗುತ್ತವೆ.

ಬಳಕೆದಾರರ ಸಂಖ್ಯೆಯ ಬಗ್ಗೆ ಪ್ರಸಿದ್ಧವಾದ ಲೆಕ್ಕವು ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ ಅವರ 1993ರ ಅಧ್ಯಯನದಿಂದ ಬಂದುದು. ಒಬ್ಬ ಬಳಕೆದಾರನಿಂದ ಸರಾಸರಿ ಶೇ. 31ರಷ್ಟು ತೊಡಕುಗಳು ಕಂಡುಬರುವುದಾದರೆ ಐವರಿಂದ ಸುಮಾರು ಶೇ. 85ರಷ್ಟು ಹೊರಬೀಳುತ್ತವೆ. ಇದು ಒಂದೇ ಬಗೆಯ ಬಳಕೆದಾರರಿಗೆ ಅನ್ವಯಿಸುವ ಲೆಕ್ಕ. ರೈತರು, ವಿದ್ಯಾರ್ಥಿಗಳು, ಪಿಂಚಣಿದಾರರು ಎಂಬ ಮೂರು ವರ್ಗಗಳಿದ್ದರೆ ಪ್ರತಿ ವರ್ಗದಿಂದ ಐವರಂತೆ 15 ಜನರನ್ನು ಕರೆಸಬೇಕಾಗುತ್ತದೆ. ಐದು ಗುಂಪುಗಳಲ್ಲಿ ಪ್ರತಿಯೊಂದೂ ಪ್ರತಿ ವರ್ಗದ ಒಬ್ಬರನ್ನು ಭೇಟಿಯಾದರೆ ಈ ಸಂಖ್ಯೆ ತಾನಾಗಿಯೇ ಹೊಂದುತ್ತದೆ.

### ಬಳಕೆದಾರರ ಆಹ್ವಾನ

ಶಿಬಿರಾರ್ಥಿಗಳ ಗೆಳೆಯರನ್ನೋ ಕಾಲೇಜಿನ ಸಹಪಾಠಿಗಳನ್ನೋ ಬಳಕೆದಾರರನ್ನಾಗಿ ಕೂರಿಸುವುದು ಸುಲಭವಾದರೂ ಫಲಿತಾಂಶವನ್ನು ಕೆಡಿಸುತ್ತದೆ. ರೈತರನ್ನು ಸಹಕಾರ ಸಂಘಗಳ ಮೂಲಕ, ಪಿಂಚಣಿದಾರರನ್ನು ಅವರ ಸಂಘಗಳ ಮೂಲಕ, ಮಹಿಳೆಯರನ್ನು ಸ್ವಸಹಾಯ ಸಂಘಗಳ ಮೂಲಕ ಸಂಪರ್ಕಿಸಬಹುದು. ಕೂಲಿ ಬಿಟ್ಟು ಬರುವವರಿಗೆ ಕನಿಷ್ಠ ಒಂದು ದಿನದ ದುಡಿಮೆಗೆ ಸಮನಾದ ಗೌರವಧನ, ಪ್ರಯಾಣ ವೆಚ್ಚ ಮತ್ತು ಊಟ ನೀಡುವುದು ನ್ಯಾಯ. ಬಾರದೇ ಹೋಗುವವರ ಸ್ಥಾನ ತುಂಬಲು ಪ್ರತಿ ವರ್ಗದಲ್ಲೂ ಒಬ್ಬರಿಬ್ಬರನ್ನು ಹೆಚ್ಚುವರಿಯಾಗಿ ಒಪ್ಪಿಸಿಕೊಳ್ಳಲಾಗುತ್ತದೆ.

### ಕಾಲ ಮತ್ತು ಸ್ಥಳ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಪ್ರಯಾಣಕ್ಕೂ ವಿದ್ಯುತ್ತಿಗೂ ಅಡ್ಡಿಯಾಗುತ್ತದೆ. ಮಳೆಯ ನಂತರ ಅಡಿಕೆ ಕೊಯ್ಲು ಮತ್ತು ಸಂಸ್ಕರಣೆ ಆರಂಭವಾಗಿ ಬೆಳೆಗಾರರಿಗೆ ಬಿಡುವಿರುವುದಿಲ್ಲ. ವಿಶ್ವ ಬಳಕೆಯೋಗ್ಯತಾ ದಿನವಿರುವ ನವೆಂಬರ್ ತಿಂಗಳು ಕಾಲೇಜುಗಳಿಗೆ ಅನುಕೂಲವಾಗಿದ್ದರೂ ಅಡಿಕೆ ಬೆಳೆಗಾರರನ್ನು ಕರೆಸಲು ಅನುಕೂಲವಲ್ಲ. ಕೊಯ್ಲು ಮುಗಿದು ಪರೀಕ್ಷೆಗಳ ಒತ್ತಡವೂ ಇಲ್ಲದ ದಿನಗಳನ್ನು ಎರಡೂ ಕಡೆಯವರನ್ನು ಕೇಳಿ ಗೊತ್ತುಪಡಿಸಬೇಕಾಗುತ್ತದೆ.

ಎರಡು ದಿನಗಳ ಕಾರ್ಯಾಗಾರವಾದರೆ ಮೊದಲ ದಿನದ ಕಲಿಕೆಯನ್ನು ಶಿವಮೊಗ್ಗದ ಕಾಲೇಜೊಂದರಲ್ಲಿಯೂ ಎರಡನೆಯ ದಿನದ ಪರೀಕ್ಷೆಯನ್ನು ಭದ್ರಾವತಿಯಲ್ಲಿಯೂ ಇಟ್ಟುಕೊಳ್ಳಬಹುದು. 20 ಶಿಬಿರಾರ್ಥಿಗಳು ಬಳಕೆದಾರರ ಊರಿಗೆ ಹೋಗುವುದು, 15 ಬಳಕೆದಾರರನ್ನು ಅಪರಿಚಿತ ಪ್ರಯೋಗಾಲಯಕ್ಕೆ ಕರೆತರುವುದಕ್ಕಿಂತ ಒಳ್ಳೆಯದು. ಬಳಕೆದಾರರು ಮಾತನಾಡುತ್ತ ಕೆಲಸ ಮಾಡುವುದರಿಂದ ಐದು ಗುಂಪುಗಳಿಗೂ ಪ್ರತ್ಯೇಕ ಕೊಠಡಿ ಬೇಕು. ಒಂದೇ ಸಭಾಂಗಣದಲ್ಲಿ ಗದ್ದಲವಾಗುತ್ತದೆ.

### ಭಾಷೆ ಮತ್ತು ಸಾಧನಗಳು

ಕನ್ನಡ ಬರೆಯುವ ಕೀಲಿಮಣೆ ಎಲ್ಲರಿಗೂ ಒಂದೇ ಅಲ್ಲ. ಗಣಕದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ‘ನುಡಿ’ ವಿನ್ಯಾಸ ಅಥವಾ ಇನ್‌ಸ್ಕ್ರಿಪ್ಟ್ ಬಳಸುವವರಿದ್ದಾರೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವವರು, ಬಾಯಿಯಲ್ಲಿ ಹೇಳಿ ಬರೆಸುವವರೂ ಇದ್ದಾರೆ. ಪರಿಚಯವಿಲ್ಲದ ಕೀಲಿಮಣೆ ಕೊಟ್ಟರೆ ಕಂಡುಬರುವ ತೊಡಕು ಸೇವೆಯದೋ ಕೀಲಿಮಣೆಯದೋ ಎಂದು ಬೇರ್ಪಡಿಸಲಾಗದು. ಆದ್ದರಿಂದ ಸಾಧ್ಯವಾದಲ್ಲೆಲ್ಲ ಬಳಕೆದಾರರು ತಮ್ಮ ಮೊಬೈಲನ್ನೇ ಬಳಸುತ್ತಾರೆ. ಓದುವ ಕನ್ನಡಕವನ್ನು ತರಲು ಹಿರಿಯರಿಗೆ ಮುಂಚಿತವಾಗಿ ತಿಳಿಸಬೇಕು.

## ಪರೀಕ್ಷಾ ಕೆಲಸಗಳ ರಚನೆ

ಬಳಕೆದಾರರಿಗೆ ಕೊಡುವ ಕೆಲಸದ ವಾಕ್ಯದಲ್ಲಿ ಪರದೆಯ ಮೇಲಿನ ಪದ ಇರಬಾರದು. ಇದ್ದರೆ ಅದು ಪದವನ್ನು ಹುಡುಕುವ ಆಟವಾಗುತ್ತದೆ. ‘ಮ್ಯುಟೇಶನ್ ಸ್ಥಿತಿ ಎಂಬುದನ್ನು ಒತ್ತಿ’ ಎನ್ನುವುದು ದುರ್ಬಲ ಸೂಚನೆ. ‘ನಿಮ್ಮ ತಂದೆಯವರ ಹೆಸರಿನಲ್ಲಿದ್ದ ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಟ್ಟು ಒಂದು ತಿಂಗಳಾಯಿತು. ಅದು ಎಲ್ಲಿಯವರೆಗೆ ಬಂದಿದೆ ಎಂದು ಇಲ್ಲಿ ತಿಳಿದುಕೊಳ್ಳಬೇಕು’ ಎನ್ನುವುದು ಉತ್ತಮ ಸೂಚನೆ. ಮೊದಲನೆಯದು ಗುಂಡಿಯನ್ನು ಪರೀಕ್ಷಿಸುತ್ತದೆ, ಎರಡನೆಯದು ಸೇವೆಯನ್ನು ಪರೀಕ್ಷಿಸುತ್ತದೆ.

ಒಬ್ಬರಿಗೆ 40 ನಿಮಿಷಗಳಲ್ಲಿ ಮೂರು ಅಥವಾ ನಾಲ್ಕು ಕೆಲಸಗಳು ಸಾಕು. ಮೊದಲನೆಯದು ಸುಲಭವಾಗಿರಬೇಕು. ಪ್ರತಿ ಕೆಲಸಕ್ಕೂ ‘ಮುಗಿಯಿತು’ ಎಂದರೆ ಏನೆಂಬುದನ್ನು ಗುಂಪು ಮೊದಲೇ ಬರೆದಿಟ್ಟುಕೊಳ್ಳುತ್ತದೆ. ನಿಜವಾದ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸರ್ವೆ ಸಂಖ್ಯೆಗಳ ಬದಲು ಅಭ್ಯಾಸಕ್ಕಾಗಿ ತಯಾರಿಸಿದ ಕಲ್ಪಿತ ವಿವರಗಳನ್ನು ಬಳಸಲಾಗುತ್ತದೆ.

## ಕಲಿಸಲಾಗುವ ತಂತ್ರಗಳು

ಯೋಚನೆಯನ್ನು ಮಾತಾಗಿಸುವ ವಿಧಾನ. ಬಳಕೆದಾರರು ತಾವು ಏನು ನೋಡುತ್ತಿದ್ದೇವೆ, ಏನನ್ನು ಹುಡುಕುತ್ತಿದ್ದೇವೆ ಎಂಬುದನ್ನು ಹೇಳುತ್ತ ಕೆಲಸ ಮಾಡುತ್ತಾರೆ. ಮೌನವಾದಾಗ ನಿರ್ವಾಹಕರು ‘ಈಗ ಏನು ನೋಡ್ತಾ ಇದ್ದೀರಿ?’ ಎಂದಷ್ಟೇ ಕೇಳುತ್ತಾರೆ. ಒಬ್ಬರೇ ಮಾತನಾಡಲು ಮುಜುಗರಪಡುವವರಿಗೆ ಈ ವಿಧಾನ ಕಷ್ಟ.

ಜೋಡಿ ಪರೀಕ್ಷೆ. ಪರಸ್ಪರ ಪರಿಚಯವಿರುವ ಇಬ್ಬರು ಕೂಡಿ ಒಂದು ಕೆಲಸ ಮಾಡುತ್ತಾರೆ. ‘ಅದಲ್ಲ, ಮೇಲಿಂದು ಒತ್ತು’ ಎಂಬಂತಹ ಸಹಜ ಸಂಭಾಷಣೆಯೇ ಟಿಪ್ಪಣಿಗೆ ವಸ್ತುವಾಗುತ್ತದೆ. ಸ್ವಸಹಾಯ ಸಂಘದ ಸದಸ್ಯೆಯರಿಗೂ ಅರ್ಜಿದಾರ ಮತ್ತು ಕೇಂದ್ರ ನಿರ್ವಾಹಕರ ಜೋಡಿಗೂ ಇದು ಹೊಂದುತ್ತದೆ.

ಚೀಟಿ ವಿಂಗಡಣೆ. ಸೇವೆಯಲ್ಲಿರುವ ವಿಷಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು, ತಮಗೆ ಸರಿಕಂಡಂತೆ ಗುಂಪು ಮಾಡಿ ಹೆಸರಿಡಲು ಹೇಳಲಾಗುತ್ತದೆ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ವಿಧಗಳ ದರವನ್ನು ಬೇರೆಬೇರೆಯಾಗಿ ಹೇಳುವುದು ರೂಢಿ. ಈ ಭೇದವನ್ನು ಬದಿಗಿಟ್ಟು ‘ಅಡಿಕೆ’ ಎಂಬ ಒಂದೇ ಶೀರ್ಷಿಕೆಯಡಿ ದರ ತೋರಿಸುವ ಪುಟ ಬೆಳೆಗಾರರಿಗೆ ಉಪಯೋಗವಿಲ್ಲ ಎಂಬುದು ಚೀಟಿಗಳನ್ನು ಹರಡಿದೊಡನೆ ತಿಳಿಯುತ್ತದೆ.

ಸೂತ್ರಾಧಾರಿತ ಪರಿಶೀಲನೆ. ನೀಲ್ಸನ್ ಅವರ ಹತ್ತು ಸೂತ್ರಗಳನ್ನು ಹಿಡಿದು ಶಿಬಿರಾರ್ಥಿಗಳು ಮೊದಲು ಒಬ್ಬೊಬ್ಬರಾಗಿ, ಬಳಿಕ ಗುಂಪಾಗಿ ದೋಷಗಳನ್ನು ಪಟ್ಟಿ ಮಾಡುತ್ತಾರೆ. ಮರುದಿನ ಬಳಕೆದಾರರು ಎಡವಿದ ಸ್ಥಳಗಳೊಂದಿಗೆ ಈ ಪಟ್ಟಿಯನ್ನು ಹೋಲಿಸುವುದು ಕಾರ್ಯಾಗಾರದ ಮುಖ್ಯ ಪಾಠಗಳಲ್ಲೊಂದು: ಪರಿಣತರು ಊಹಿಸಿದ್ದೆಲ್ಲ ತೊಡಕಾಗಿರುವುದಿಲ್ಲ, ತೊಡಕಾದುದೆಲ್ಲ ಅವರ ಊಹೆಯಲ್ಲಿರುವುದಿಲ್ಲ.

ಪ್ರಶ್ನಾವಳಿ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ‘ಸಿಸ್ಟಂ ಯೂಸಬಿಲಿಟಿ ಸ್ಕೇಲ್’ ಹತ್ತು ಹೇಳಿಕೆಗಳನ್ನು ಹೊಂದಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಲಾಗುತ್ತದೆ. ಬೆಸ ಸಂಖ್ಯೆಯ ಹೇಳಿಕೆಗಳ ಅಂಕದಿಂದ 1ನ್ನು ಕಳೆಯಬೇಕು, ಸಮ ಸಂಖ್ಯೆಯ ಹೇಳಿಕೆಗಳ ಅಂಕವನ್ನು 5ರಿಂದ ಕಳೆಯಬೇಕು, ಮೊತ್ತವನ್ನು 2.5ರಿಂದ ಗುಣಿಸಬೇಕು. ಉದಾಹರಣೆಗೆ, ಬೆಸ ಹೇಳಿಕೆಗಳಿಗೆ 4, 4, 3, 4, 4 ಮತ್ತು ಸಮ ಹೇಳಿಕೆಗಳಿಗೆ 2, 3, 2, 2, 3 ಬಂದರೆ ಮೊತ್ತ 14 + 13 = 27; ಅಂತಿಮ ಅಂಕ 67.5. ಇದು 100ಕ್ಕೆ ಬಂದ ಅಂಕವಾದರೂ ಶೇಕಡಾವಾರು ಅಲ್ಲ. 68ನ್ನು ಸರಾಸರಿಯೆಂದು ಪರಿಗಣಿಸಲಾಗುತ್ತದೆ. ಒಂದು ಬಿಟ್ಟು ಒಂದು ಬರುವ ನಕಾರಾತ್ಮಕ ಹೇಳಿಕೆಗಳು ಕನ್ನಡದಲ್ಲಿ ಓದಿ ಹೇಳುವಾಗ ಗೊಂದಲ ಉಂಟುಮಾಡಬಲ್ಲವಾದ್ದರಿಂದ ಅನುವಾದವನ್ನು ಮೊದಲೇ ಕೆಲವರೊಂದಿಗೆ ಪರೀಕ್ಷಿಸಬೇಕು.

## ನಿರ್ವಹಣೆ

### ಮಾದರಿ ವೇಳಾಪಟ್ಟಿ

ಮೊದಲ ದಿನ, ಶಿವಮೊಗ್ಗ:

- 9:30–10:30: ಪರಿಚಯ, ಎಲ್ಲರೆದುರು ಒಂದು ಪ್ರಾತ್ಯಕ್ಷಿಕೆ
- 10:45–12:30: ಪರೀಕ್ಷಾ ಕೆಲಸಗಳ ಬರವಣಿಗೆ ಮತ್ತು ತಿದ್ದುಪಡಿ
- 1:30–3:00: ಗುಂಪುಗಳ ನಡುವೆ ಪರಸ್ಪರ ಅಭ್ಯಾಸ
- 3:15–4:15: ಸೂತ್ರಾಧಾರಿತ ಪರಿಶೀಲನೆ
- 4:15–5:00: ಹೊರಗಿನ ಒಬ್ಬರೊಂದಿಗೆ ಪೂರ್ವಪರೀಕ್ಷೆ, ದೋಷಗಳ ನಿವಾರಣೆ

ಎರಡನೆಯ ದಿನ, ಭದ್ರಾವತಿ:

- 9:15–10:00: ಕೊಠಡಿ, ಸಾಧನ, ಒಪ್ಪಿಗೆ ಪತ್ರಗಳ ಸಿದ್ಧತೆ
- 10:00–1:00: ಪ್ರತಿ ಗುಂಪಿಗೆ ಮೂವರು ಬಳಕೆದಾರರು, ಒಬ್ಬರಿಗೆ 40 ನಿಮಿಷ, ನಡುವೆ 20 ನಿಮಿಷ ಟಿಪ್ಪಣಿ ಸರಿಪಡಿಸಲು
- 2:00–3:30: ಕಂಡುಬಂದುದರ ವಿಂಗಡಣೆ
- 3:30–4:30: ಸೇವೆಯ ಹೊಣೆ ಹೊತ್ತವರ ಎದುರು ಮಂಡನೆ

### ನಿರ್ವಾಹಕರ ಮಾತು

ಆತಿಥ್ಯದ ಸಂಸ್ಕಾರವುಳ್ಳ ಪ್ರದೇಶದಲ್ಲಿ ಎದುರಿಗೆ ಕುಳಿತವರ ಕೆಲಸವನ್ನು ಹಳಿಯುವುದು ಸೌಜನ್ಯವಲ್ಲ. ‘ಚೆನ್ನಾಗಿದೆ ಸಾರ್’ ಎಂಬ ಉತ್ತರ ಬಹುಬೇಗ ಬರುತ್ತದೆ. ತೊಡಕಾದಾಗಲೂ ಬಳಕೆದಾರರು ತಮ್ಮನ್ನೇ ದೂರಿಕೊಳ್ಳುತ್ತಾರೆ: ‘ನಮಗೆ ಗೊತ್ತಾಗಲ್ಲ ಬಿಡಿ, ಓದಿದವರಿಗೆ ಸುಲಭ ಇರುತ್ತೆ.’ ಇಂತಹ ಮಾತು ಪರೀಕ್ಷೆಯಲ್ಲಿ ಅಮೂಲ್ಯವಾದ ಸೂಚನೆ; ಅದರ ಹಿಂದೆ ಸರಿಪಡಿಸಬೇಕಾದ ಒಂದು ದೋಷವಿರುತ್ತದೆ.

ಇದನ್ನು ಎದುರಿಸಲು ನಿರ್ವಾಹಕರು ಆರಂಭದಲ್ಲಿಯೇ ಮೂರು ವಿಷಯಗಳನ್ನು ಸ್ಪಷ್ಟಪಡಿಸುತ್ತಾರೆ: ಪರೀಕ್ಷೆ ನಿಮಗಲ್ಲ, ಈ ಆ್ಯಪ್‌ಗೆ, ಇದನ್ನು ಮಾಡಿದವರು ನಾವಲ್ಲ, ಆದ್ದರಿಂದ ತಪ್ಪು ಹೇಳಿದರೆ ನಮಗೆ ಬೇಸರವಿಲ್ಲ, ಬೇಡವೆನಿಸಿದಾಗ ಎದ್ದು ಹೋಗಬಹುದು, ಗೌರವಧನ ಆಗಲೂ ಸಿಗುತ್ತದೆ. ಹಿರಿಯರನ್ನು ‘ಅಮ್ಮ’, ‘ಯಜಮಾನರೇ’ ಎಂದು ಕರೆದು ಬಹುವಚನದಲ್ಲಿ ಮಾತನಾಡಿಸುವುದು ಸಹಜ. ‘ಇಷ್ಟವಾಯಿತೇ?’ ಎಂಬ ಪ್ರಶ್ನೆಯ ಬದಲು ‘ನಿಮ್ಮ ನೆರೆಮನೆಯವರು ಇದನ್ನು ಮಾಡಲು ಹೊರಟರೆ ಎಲ್ಲಿ ನಿಲ್ಲುತ್ತಾರೆ?’ ಎಂದು ಕೇಳಿದರೆ ಸಂಕೋಚ ಕಡಿಮೆಯಾಗುತ್ತದೆ.

ಬಳಕೆದಾರರು ಕಷ್ಟಪಡುವಾಗ ಸಹಾಯ ಮಾಡದೆ ಸುಮ್ಮನಿರುವುದು ಹೊಸ ನಿರ್ವಾಹಕರಿಗೆ ಅತ್ಯಂತ ಕಠಿಣ. ‘ಇದನ್ನು ಒತ್ತಿದರೆ ಏನಾಗುತ್ತೆ?’ ಎಂದು ಕೇಳಿದರೆ ‘ಏನಾಗಬಹುದು ಅಂತ ನಿಮಗೆ ಅನ್ನಿಸುತ್ತೆ?’ ಎಂದು ಮರುಪ್ರಶ್ನಿಸಬಹುದು. ಆದರೆ ಬಳಕೆದಾರರು ಅವಮಾನಗೊಂಡಂತೆ ಕಂಡರೆ ಆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಮುಂದಿನದಕ್ಕೆ ಹೋಗಬೇಕು. ಜೊತೆಗೆ ಬಂದ ಮಕ್ಕಳು ಅಥವಾ ಮೊಮ್ಮಕ್ಕಳು ಮೊಬೈಲನ್ನು ತಾವೇ ತೆಗೆದುಕೊಳ್ಳುವುದುಂಟು. ಮನೆಯಲ್ಲಿಯೂ ಹಾಗೆಯೇ ನಡೆಯುವುದಾದರೆ ಅದನ್ನು ತಡೆಯುವ ಬದಲು ದಾಖಲಿಸುವುದು ಉತ್ತಮ.

### ಟಿಪ್ಪಣಿ

ಟಿಪ್ಪಣಿಕಾರರು ಕಂಡದ್ದು, ಕೇಳಿದ್ದು, ಊಹಿಸಿದ್ದು ಎಂಬ ಮೂರು ಕಾಲಂಗಳಲ್ಲಿ ಬರೆಯುತ್ತಾರೆ. ‘ಗೊಂದಲವಾಯಿತು’ ಎಂಬುದು ಊಹೆ. ‘ಹಿಸ್ಸಾ ಎಂಬಲ್ಲಿ ನಿಂತು ಎರಡು ಬಾರಿ ಹಿಂದಕ್ಕೆ ಹೋದರು’ ಎಂಬುದು ಕಂಡದ್ದು. ಬಳಕೆದಾರರ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಿದ್ದದೆ ಅವರಾಡಿದಂತೆಯೇ ಬರೆದುಕೊಳ್ಳಬೇಕು. ಪರದೆಯ ಮೇಲೆ ಯಾವ ಪದ ಇರಬೇಕಿತ್ತು ಎಂಬುದು ಬಹಳಷ್ಟು ಸಲ ಆ ಮಾತಿನಲ್ಲೇ ಇರುತ್ತದೆ.

## ವಿಶ್ಲೇಷಣೆ ಮತ್ತು ಮಂಡನೆ

ಪ್ರತಿಯೊಂದು ತೊಡಕನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಒಂದೇ ಕಾರಣದವುಗಳನ್ನು ಒಟ್ಟುಗೂಡಿಸಲಾಗುತ್ತದೆ. ಬಳಿಕ ಎಷ್ಟು ಜನರಿಗೆ ತೊಡಕಾಯಿತು, ಕೆಲಸ ನಿಂತೇಹೋಯಿತೇ, ಒಮ್ಮೆ ತಿಳಿದ ಮೇಲೂ ಮರುಕಳಿಸುತ್ತದೆಯೇ ಎಂಬ ಮೂರು ಪ್ರಶ್ನೆಗಳಿಂದ ತೀವ್ರತೆಯನ್ನು 0ರಿಂದ 4ರವರೆಗೆ ನಿರ್ಧರಿಸಲಾಗುತ್ತದೆ. 0 ಎಂದರೆ ದೋಷವೇ ಅಲ್ಲ; 4 ಎಂದರೆ ತಕ್ಷಣ ಸರಿಪಡಿಸಲೇಬೇಕಾದ ದೋಷ. ಒಬ್ಬರಿಗೆ ಮಾತ್ರ ಎದುರಾದ ತೊಡಕೂ ಗಂಭೀರವಾಗಿರಬಹುದು: ಪಿಂಚಣಿ ಅರ್ಜಿ ಸಲ್ಲಿಕೆಯಾಗದಿದ್ದರೂ ಆಯಿತೆಂದು ನಂಬಿ ಎದ್ದು ಹೋದ ಒಬ್ಬರ ಪ್ರಸಂಗ, ಬಣ್ಣ ಹಿಡಿಸದ ಹತ್ತು ಜನರ ಮಾತಿಗಿಂತ ಮುಖ್ಯ.

ಮಂಡನೆಯಲ್ಲಿ ಉದ್ದನೆಯ ವರದಿಗಿಂತ ಮೂರರಿಂದ ಐದು ದೋಷಗಳು, ಪ್ರತಿಯೊಂದಕ್ಕೂ ಸಾಕ್ಷಿ, ಮಾಡಬಹುದಾದ ಚಿಕ್ಕ ಬದಲಾವಣೆ ಮತ್ತು ಯಾರು ಯಾವಾಗ ಮಾಡುತ್ತಾರೆ ಎಂಬ ವಿವರ ಇದ್ದರೆ ಸಾಕು. ಗೌರವಧನ ಪಡೆದು ಹಿಂತಿರುಗಿದ ಬಳಕೆದಾರರಿಗೆ ಏನು ಬದಲಾಯಿತೆಂದು ನಂತರ ತಿಳಿಸುವುದು ಒಳ್ಳೆಯ ಪದ್ಧತಿ.

## ಒಪ್ಪಿಗೆ ಮತ್ತು ಖಾಸಗಿತನ

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ವೈಯಕ್ತಿಕ ಮಾಹಿತಿಯ ಬಳಕೆಗೆ ಸ್ವತಂತ್ರ, ನಿರ್ದಿಷ್ಟ ಮತ್ತು ತಿಳಿವಳಿಕೆಯುಳ್ಳ ಒಪ್ಪಿಗೆಯನ್ನು ಬಯಸುತ್ತದೆ. ಒಪ್ಪಿಗೆಯ ಸೂಚನೆಯು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ದೊರೆಯುವಂತಿರಬೇಕೆಂದೂ ಅದು ಹೇಳುತ್ತದೆ. ಕನ್ನಡ ಆ ಭಾಷೆಗಳಲ್ಲೊಂದು. 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಬೇಕು. ಪರದೆ, ಧ್ವನಿ, ಮುಖ ಇವುಗಳಲ್ಲಿ ಯಾವುದನ್ನು ದಾಖಲಿಸಲಾಗುತ್ತದೆ, ಯಾರು ನೋಡುತ್ತಾರೆ, ಯಾವಾಗ ಅಳಿಸಲಾಗುತ್ತದೆ ಎಂಬುದು ಒಪ್ಪಿಗೆ ಪತ್ರದಲ್ಲಿ ಇರಬೇಕು. ಓದಲು ಬಾರದವರಿಗೆ ಅದನ್ನು ಓದಿ ಹೇಳಿ, ಅರ್ಥವಾದುದನ್ನು ಅವರ ಮಾತಿನಲ್ಲೇ ಕೇಳಿ ಖಚಿತಪಡಿಸಿಕೊಳ್ಳಬೇಕು. ಸಣ್ಣ ಊರುಗಳಲ್ಲಿ ಧ್ವನಿಯಿಂದಲೇ ವ್ಯಕ್ತಿಯನ್ನು ಗುರುತಿಸುವವರಿರುವುದರಿಂದ ಹೆಸರು ತೆಗೆದುಹಾಕಿದರಷ್ಟೇ ಸಾಲದು.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಮಾಹಿತಿ ತಂತ್ರಜ್ಞಾನದ ಸೇವೆಗಳು ಅಂಗವಿಕಲರಿಗೂ ಎಟಕುವಂತಿರಬೇಕೆಂದು ಹೇಳುತ್ತದೆ. ಆದಕಾರಣ ದೃಷ್ಟಿ, ಶ್ರವಣ ಅಥವಾ ಚಲನೆಯ ತೊಂದರೆಯುಳ್ಳವರನ್ನು ಆಹ್ವಾನಿತರಲ್ಲಿ ಸೇರಿಸಿಕೊಳ್ಳುವುದು ಮತ್ತು ಅವರು ತಲುಪಬಲ್ಲ ಕೊಠಡಿಯನ್ನೇ ಆರಿಸುವುದು ಅಗತ್ಯ.

## ಮಿತಿಗಳು

ಐವರು ಬಳಕೆದಾರರು ಸಾಕೆಂಬ ಮಾತನ್ನು ಎಲ್ಲರೂ ಒಪ್ಪುವುದಿಲ್ಲ. 2001ರಲ್ಲಿ ಜೇರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ಅವರು ದೊಡ್ಡ ಜಾಲತಾಣಗಳ ಪರೀಕ್ಷೆಯಲ್ಲಿ ಮೊದಲ ಐವರಿಂದ ಶೇ. 35ರಷ್ಟು ತೊಡಕುಗಳು ಮಾತ್ರ ಕಂಡುಬಂದವೆಂದು ತೋರಿಸಿದರು. ಸಣ್ಣ ಪರೀಕ್ಷೆಯು ದೋಷ ಇದೆಯೆಂದು ತೋರಿಸಬಲ್ಲದು. ದೋಷ ಇಲ್ಲವೆಂದಾಗಲಿ, ಶೇಕಡಾ ಇಷ್ಟು ಜನರಿಗೆ ಕಷ್ಟವೆಂದಾಗಲಿ ಹೇಳಲಾರದು.

ಕಾರ್ಯಾಗಾರದಲ್ಲಿ ಪರೀಕ್ಷೆ ನಡೆಸುವವರು ಇನ್ನೂ ಕಲಿಯುತ್ತಿರುವವರಾದ್ದರಿಂದ ಅಲ್ಲಿಯ ಫಲಿತಾಂಶವನ್ನು ಅಂತಿಮವೆಂದು ಪರಿಗಣಿಸಲಾಗದು. ಶಾಂತವಾದ ಕೊಠಡಿ, ಒಳ್ಳೆಯ ಜಾಲ ಸಂಪರ್ಕ, ತಾಳ್ಮೆಯ ನಿರ್ವಾಹಕರು ಇವೆಲ್ಲ ದೈನಂದಿನ ಬಳಕೆಯಲ್ಲಿ ಇರುವುದಿಲ್ಲ. ಕಾರ್ಯಾಗಾರ ಒಮ್ಮೆ ಮಾತ್ರ ನಡೆದು ನಿಂತುಹೋದರೆ ಅದರ ಪ್ರಯೋಜನವೂ ಕಡಿಮೆ. ತಿಂಗಳಿಗೊಂದು ಬೆಳಗ್ಗೆ ಮೂವರು ಬಳಕೆದಾರರೊಂದಿಗೆ ಪರೀಕ್ಷೆ ನಡೆಸುವ ಪದ್ಧತಿಯನ್ನು ಸ್ಟೀವ್ ಕ್ರುಗ್ ಪ್ರತಿಪಾದಿಸಿದ್ದಾರೆ. ಶಿಬಿರಾರ್ಥಿಗಳು ತಮ್ಮ ಕಾಲೇಜು, ಸಂಘ ಅಥವಾ ಕಚೇರಿಯಲ್ಲಿ ಇದನ್ನು ಮುಂದುವರಿಸಬಹುದು. ಇದಕ್ಕೆ ಒಂದು ಕೊಠಡಿ, ಒಂದು ಮೊಬೈಲ್ ಮತ್ತು ಇಬ್ಬರು ಗಮನಿಸುವವರು ಸಾಕು.